ಸೀಟಿ ಹೊಡೆದ ಮೇಲೆ

ಅನಗೋಳದ ಒಂದು ಮನೆಗೆ ಬಿದ್ದ ಬೆಂಕಿ ಆರಿಸಿದ ಮರುದಿನ ಹಲ್ಲುಜ್ಜುವಾಗ ಕೆಮ್ಮಿದೆ. ಬೇಸಿನ್ನಿಗೆ ಕಪ್ಪು ಕಫ ಬಿತ್ತು.

ಹದಿನೆಂಟು ವರ್ಷ ಅಗ್ನಿಶಾಮಕ ದಳದಲ್ಲಿದ್ದವನಿಗೆ ಹೊಗೆ ಹೊಸದಲ್ಲ. ತಾನಾಗಿ ಹೋಗುತ್ತದೆ ಅಂದುಕೊಂಡೆ. ಮೂರನೇ ದಿನ ಮನೆಯ ಮೆಟ್ಟಿಲು ಹತ್ತಲಾಗಲಿಲ್ಲ. ಹೆಂಡತಿ ಶೋಭಾ ನನ್ನ ಮಾತು ಕೇಳದೆ ನೆಹರು ನಗರದ ಆಸ್ಪತ್ರೆಗೆ ಆಟೋ ಹತ್ತಿಸಿದಳು. ಸಿ.ಟಿ. ಸ್ಕ್ಯಾನ್, ಉಸಿರು ಊದಿಸಿ ನೋಡುವ ಸ್ಪೈರೋಮೆಟ್ರಿ. ಶ್ವಾಸನಾಳಕ್ಕೆ ಪೆಟ್ಟಾಗಿದೆ ಎಂದ ಡಾಕ್ಟರು ಕೇಳಿದರು: "ಮಾಸ್ಕ್ ಇರಲಿಲ್ಲೇನ್ರಿ?"

ಇತ್ತು. ನಾನೇ ಕಿತ್ತಿದ್ದೆ.

ಆ ಮನೆಯೊಳಗೆ ಒಬ್ಬ ಅಜ್ಜ ಸಿಕ್ಕಿಕೊಂಡಿದ್ದ. ಮಾವ ಸ್ನಾನಕ್ಕೆ ಹೋಗಿದ್ದರೆಂದು ಸೊಸೆ ಹೊರಗೆ ನಿಂತು ಹೇಳಿದಳು. ತರಬೇತಿಯಲ್ಲಿ ಕಲಿತಂತೆ ನಾನೂ ಜೊತೆಗಾರ ಮಾರುತಿಯೂ ಬಚ್ಚಲು ನೋಡಿದೆವು, ಮಂಚದ ಕೆಳಗೆ ತಡಕಾಡಿದೆವು. ಇರಲಿಲ್ಲ. ಅಷ್ಟರಲ್ಲಿ ನನ್ನ ಬೆನ್ನಿನ ಸಿಲಿಂಡರ್ ಗಾಳಿ ತೀರುತ್ತಿದೆ ಎಂದು ಸೀಟಿ ಹೊಡೆಯಿತು. ಸೀಟಿ ಹೊಡೆದರೆ ಹೊರಗೆ ಬರಬೇಕು. ನಮ್ಮಲ್ಲಿ ಅದೇ ಮೊದಲ ಪಾಠ.

ಆಗ ಹೊಳೆಯಿತು. ಸೊಸೆಯ ಹಣೆಯಲ್ಲಿ ವಿಭೂತಿ ಕಂಡಿದ್ದೆ; ಲಿಂಗ ಕಟ್ಟಿಕೊಂಡವರ ಮನೆ, ನಮ್ಮದೂ ಅಂಥದ್ದೇ. ನಮ್ಮಪ್ಪ ಸ್ನಾನಕ್ಕೆ ಮೊದಲು ಲಿಂಗದ ಕರಡಿಗೆಯನ್ನು ಕೊರಳಿಂದ ತೆಗೆದು ದೇವರ ಜಗಲಿಯ ಮೇಲಿಡುತ್ತಾನೆ. ಬೆಂಕಿ ಬಿದ್ದರೆ ಅಂಥವರು ಓಡುವುದು ಬಾಗಿಲಿಗಲ್ಲ, ಜಗಲಿಗೆ. ಮಾರುತಿ ತೋಳು ಜಗ್ಗಿದ. ಕೊಡವಿಕೊಂಡು ದೇವರ ಕೋಣೆಗೆ ನುಗ್ಗಿದೆ. ಅವನೂ ಹಿಂದೆಯೇ ಬಂದ. ಅಜ್ಜ ಅಲ್ಲಿ ಬಿದ್ದಿದ್ದ, ಮುಷ್ಟಿಯಲ್ಲಿ ಕರಡಿಗೆ. ನನ್ನ ಗಾಳಿ ಮುಗಿದಾಗ ಮಾಸ್ಕ್ ಕಿತ್ತೆ; ಇಬ್ಬರೂ ಸೇರಿ ಅಜ್ಜನನ್ನು ಎಳೆದು ತಂದೆವು.

ಎರಡು ದಿನಕ್ಕೆ ಅಜ್ಜ ತೀರಿಕೊಂಡ.

ಮೂರು ತಿಂಗಳು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಿದೆ. ನೋಡಲು ಬಂದವರಿಗೆಲ್ಲ ಇನ್ಹೇಲರ್ ಎಳೆಯುತ್ತಲೇ ನನ್ನ ಶೌರ್ಯ ಬಣ್ಣಿಸಿದೆ. ಒಂದು ಮಧ್ಯಾಹ್ನ ಶೋಭಾ ಅಂದಳು: "ನಿಮ್ಮ ಧೈರ್ಯ ಖರೇ. ಮಾರುತಿ ಸತ್ತಿದ್ರ ಅವನ ಹೇಂತಿಗೆ ಏನ್ ಹೇಳ್ತಿದ್ರಿ?"

ನಾಚಿಕೆಯಾಯಿತು.

ಇನ್ನು ಬೆಂಕಿಗೆ ಹೋಗಬಾರದು, ಪಾಠ ಹೇಳಬಹುದು ಎಂದರು ಡಾಕ್ಟರು. ಈಗ ಖಾನಾಪುರದಲ್ಲಿ ಹೊಸಬರಿಗೆ ತರಬೇತಿ ಕೊಡುತ್ತೇನೆ. ಬಾಯಿ ಜೋರಿದ್ದವನಿಗೆ ಸರಿಯಾದ ಕೆಲಸವೇ. ಮೊನ್ನೆ ಒಬ್ಬ, ಸೀಟಿ ಹೊಡೆದರೂ ನೀವು ಒಳಗೇ ನಿಂತಿದ್ದಿರಂತೆ ಎಂದು ಅಭಿಮಾನದಿಂದ ಕೇಳಿದ.

"ನಿಂತಿದ್ದೆ. ಅದು ತಪ್ಪು," ಎಂದೆ. "ಮಾರುತಿ ಉಳದದ್ದು ಅವನ ಪುಣ್ಯ, ನನ್ನ ಬುದ್ಧಿ ಅಲ್ಲ. ಒಳಗ ಹೋಗೂಕಿಂತ ಮೊದ್ಲ ಜಗಲಿ ಎಲ್ಲೈತಿ ಅಂತ ಆ ಸೊಸಿಗೆ ಒಂದ್ ಮಾತು ಕೇಳಿದ್ರ, ಅಜ್ಜನೂ ಉಳೀತಿದ್ದ."

ಇಷ್ಟನ್ನು ಒಂದೇ ಉಸಿರಿಗೆ ಹೇಳಿದೆ. ಅಷ್ಟು ಉಸಿರು ಉಳಿದಿದೆ, ಸಾಕು.