ಮೂಲೆಗೆ ಕುಂಕುಮವಿಲ್ಲದ ಕಾಗದ

ನಿನ್ನೆಯ ಟಪಾಲಿನಲ್ಲಿ ಒಂದು ಪುಸ್ತಕ ಬಂತು. ಕಂದು ಕಾಗದದ ಕಟ್ಟು, ನಾಲ್ಕೂ ಮೂಲೆಗೆ ಕುಂಕುಮ. ಮದುವೆಯ ಕರೆಯೋಲೆಗೆ ಹಚ್ಚುವುದು ಸರಿ. ವ್ಯಾಪಾರದ ಪುಸ್ತಕಕ್ಕೂ ಕುಂಕುಮ ಹಚ್ಚಿ ಕಳಿಸುವ ಪುಣ್ಯಾತ್ಮ ಭೂಮಿಯ ಮೇಲೆ ಒಬ್ಬರೇ. ನಮ್ಮ ಸೇತುವೆ ಸಾಹೇಬರು.

ನಿಮಗೆ ಅವರ ಪರಿಚಯ ಇರಲಿಕ್ಕಿಲ್ಲ. ಕರಾಚಿಯವರು. ದೇಶ ಒಡೆದಾಗ ಊರು ಆಚೆ ಉಳಿಯಿತು, ಇವರು ಈಚೆ ಬಂದರು. ಮುಂಬಯಿ ಸರಕಾರದ ಇಂಜಿನಿಯರಾಗಿ ಕಿರವತ್ತಿಯ ಹತ್ತಿರ ಸೇತುವೆ ಕಟ್ಟುತ್ತಿದ್ದಾಗ ಐವತ್ತಾರನೆಯ ಇಸವಿಯ ರಾಜ್ಯ ವಿಂಗಡಣೆ ಬಂತು. ನಾವೆಲ್ಲ ಕೂತ ಜಗಲಿಯಿಂದ ಏಳದೆಯೇ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ವಲಸೆ ಹೋದೆವು. ಸಾಹೇಬರ ಫೈಲು ಮಾತ್ರ ಮುಂಬಯಿಯಲ್ಲೇ ಉಳಿಯಿತು. 'ಇವರು ನಮ್ಮವರಲ್ಲ' ಎಂಬ ವಿಷಯದಲ್ಲಿ ಎರಡು ಸರಕಾರಗಳೂ ಅಪರೂಪಕ್ಕೆ ಒಮ್ಮತಕ್ಕೆ ಬಂದವು. ಕೆಲಸ ಹೋದ ಸಾಹೇಬರು ಶಿರಸಿಯಲ್ಲಿ ಕೋಣೆ ಹಿಡಿದು 'ಜಾಹೀರಾತು ತಜ್ಞ' ಎಂದು ಬೋರ್ಡು ಹಾಕಿದರು. ಸರಕು ಚೆನ್ನಾಗಿದೆ ಎಂದು ಅಂಗಡಿಯವನೇ ಹೇಳಿದರೆ ಅದಕ್ಕೆ ಹುಳ ಹಿಡಿದಿದೆ ಎಂದು ತಿಳಿಯುವ ಊರಿನಲ್ಲಿ!

ನಾನು ಆಗ ಅಲ್ಲಿನ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದೆ. ಸಂಬಳಕ್ಕೆ ಮೊಳೆ, ಸಂತೋಷಕ್ಕೆ ಅಣಕ. ಮಾಲಕರ ಕೆಮ್ಮು, ಮಾಮಲೇದಾರರ ನಡಿಗೆ, ಅಪ್ಪ ನನ್ನನ್ನು ಬೈಯುವ ರೀತಿ, ಬೈಸಿಕೊಂಡು ನಾನು ಮೂತಿ ಉದ್ದ ಮಾಡುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಸಾಹೇಬರಂತೂ ನನಗೆ ಹಬ್ಬದೂಟ.

ಅವರ ಮೊದಲ ಗಿರಾಕಿ, ಬನವಾಸಿ ಕಡೆಯಿಂದ ಬಂದು ಬಟ್ಟೆ ಅಂಗಡಿ ತೆರೆಯಲಿದ್ದ ಬಸವಣ್ಣೆಪ್ಪ ಶೆಟ್ಟರು. ಸಾಹೇಬರು ಕರಪತ್ರ ಬರೆದು ತಂದರು. ಮೇಲೆ ದಪ್ಪಕ್ಷರದಲ್ಲಿ ಶೆಟ್ಟರ ಹೆಸರು, ಸುತ್ತ ಸೇತುವೆಯ ಕಟ್ಟೆಯಂಥ ಕಪ್ಪು ಗೆರೆ. ಕುಂಕುಮದ ಸುದ್ದಿಯೇ ಇಲ್ಲ. ನಮ್ಮ ಕಡೆ ಮೂಲೆಗೆ ಕುಂಕುಮವಿಲ್ಲದ ಅಚ್ಚಿನ ಕಾಗದ ಬಂತೆಂದರೆ ಯಾರೋ ತೀರಿಕೊಂಡರು ಎಂದೇ ಅರ್ಥ. ಮುಂದೆ ಓದುವವರಿಲ್ಲ.

"ಜನಕ್ಕೆ ಹಿಡಿಸ್ತದೆ ಏನು, ಭಾಯಿ?" ಎಂದು ಸಾಹೇಬರು ಕೇಳಿದರು. "ಇದೊಂದು ಕೆಟ್ಟರೆ ನಾನು ಊರು ಬಿಡಬೇಕು. ಹೋಗ್ಲಿಕ್ಕೆ ಊರು ಇಲ್ಲ."

ಹೇಳಬಹುದಿತ್ತು. ಆದರೆ ಮುಂದಿನ ಮಜಾ ನನ್ನ ಕಣ್ಣಿಗೆ ಕಟ್ಟಿತ್ತು. "ಊರಿಗೂರೇ ಓಡಿ ಬರ್ತದೆ ಸಾಹೇಬ್ರೆ" ಎಂದೆ.

ಬಂತು. ಅಂಗಡಿ ತೆರೆದ ದಿನ ನಿಲ್ಕುಂದದ ಹೆಗಡೆಯವರು ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಹತ್ತಿದವರು, ಗಲ್ಲಾದ ಹಿಂದೆ ಕೂತವರನ್ನು ಕಂಡು ಬೆಚ್ಚಿಬಿದ್ದರು.

"ಅಯ್ಯೋ ಶೆಟ್ರೆ, ನೀವು ಇದ್ದೀರಾ! ಆನು ಕಾಗದ ಕಂಡದ್ದೇ ಊಟ ಬಿಟ್ಟು ಓಡಿ ಬಂದೆ!"

"ಇದ್ದೇನ್ರಿ! ಇರಬಾರದಿತ್ತೇನು?" ಶೆಟ್ಟರು ಸಾಹೇಬರತ್ತ ತಿರುಗಿದರು. "ಏನ್ರೀ ಸಾಹೇಬ್ರ, ಅಂಗಡಿ ಬಾಗಿಲಾ ತೆರೀರಿ ಅಂದ್ರ ನನ್ನ ಕಣ್ಣ ಮುಚ್ಚಿಸಿದ್ರಲ್ಲ! ಗಂಟು ಕಟ್ರಿ, ನಡೀರಿ!"

ಕಂಬದ ಮರೆಯಲ್ಲಿ ನಗಲು ತಯಾರಾಗಿ ನಿಂತಿದ್ದೆ. ಸಾಹೇಬರ ಮುಖ ಬಿಳಿಚಿಕೊಂಡದ್ದು ನೋಡಿ ಕಂಬದ ಹಿಂದೆ ಇನ್ನಷ್ಟು ಸರಿದೆ.

ಕೊನೆಗೆ ಹೆಗಡೆಯವರೇ ಸಮಾಧಾನ ಹೇಳಿದರು. "ಬದುಕಿದ್ದವ್ರನ್ನ ಸತ್ರು ಅಂದ್ರೆ ಆಯುಷ್ಯ ಗಟ್ಟಿ ಆಗ್ತು ಶೆಟ್ರೆ, ಬೇಜಾರ ಮಾಡ್ಕ್ಯಳಡಿ."

ಸಾಹೇಬರ ಕಣ್ಣು ಮಿನುಗಿತು. ಎರಡೇ ದಿನದಲ್ಲಿ ಹೊಸ ಕರಪತ್ರ, ಪ್ರತಿಯೊಂದಕ್ಕೂ ಅವರೇ ಬೆರಳದ್ದಿ ಹಚ್ಚಿದ ಕುಂಕುಮ: 'ಬಸವಣ್ಣೆಪ್ಪನವರ ಆಯುಷ್ಯ ಗಟ್ಟಿ. ಬಟ್ಟೆಯೂ ಅಷ್ಟೇ ಗಟ್ಟಿ.' ಸತ್ತು ಬದುಕಿದವರನ್ನು ನೋಡಲು ಬಂದವರು ಪಂಚೆ ಕೊಂಡು ಹೋದರು. ತಿಂಗಳೊಳಗೆ ಸಿದ್ದಾಪುರದ ಪಾತ್ರೆ ವ್ಯಾಪಾರಿಯೊಬ್ಬ ಬಂದು, "ನನ್ನನ್ನೂ ಒಂದ್ಸಲ ಸಾಯ್ಸಿ ಸಾಹೇಬ್ರೇ" ಎಂದು ಕೈ ಮುಗಿದ. ನಮ್ಮ ಮೂರು ತಾಲೂಕುಗಳಲ್ಲಿ ಜಾಹೀರಾತು ಶಾಸ್ತ್ರ ಹುಟ್ಟಿದ್ದು ಹೀಗೆ, ಸೂತಕದಲ್ಲಿ.

ಆಮೇಲೆ ಸಾಹೇಬರು ಹುಬ್ಬಳ್ಳಿಗೆ ಹೋಗಿ ದೊಡ್ಡವರಾದರು. ನಾನು ಯಲ್ಲಾಪುರಕ್ಕೆ ಬಂದು ಇನ್ನೂ ಮೊಳೆ ಜೋಡಿಸುತ್ತ, ಅವರ ಅಣಕ ಮಾಡಿ ಚಹಾ ಗಿಟ್ಟಿಸುತ್ತಿದ್ದೇನೆ. ಹೆಮ್ಮೆಯ ಉದ್ಯೋಗ.

ನಿನ್ನೆ ಬಂದದ್ದು ಜಾಹೀರಾತಿನ ಬಗ್ಗೆ ಅವರೇ ಬರೆದ ಪುಸ್ತಕ. ಮೊದಲ ಅಧ್ಯಾಯ ಇದೇ ಕಥೆ. ಅವರ ದನಿಯಲ್ಲೇ ಗಟ್ಟಿಯಾಗಿ ಓದತೊಡಗಿದೆ: 'ಕುಂಕುಮ ಬೇಕೆಂದು ಅಚ್ಚುಕೂಟದ ತರುಣ ಎಚ್ಚರಿಸಿದ್ದ. ನಾನೇ ಕೇಳಲಿಲ್ಲ.' ಅದೇ ಸಾಲನ್ನು ನನ್ನ ದನಿಯಲ್ಲಿ ಇನ್ನೊಮ್ಮೆ ಓದಿದೆ. ಇಲ್ಲದ ಗುಣವನ್ನು ಸರಕಿಗೆ ಅಂಟಿಸಬಾರದು ಎಂದು ಪುಟಗಟ್ಟಲೆ ಉಪದೇಶಿಸುವ ಪುಸ್ತಕದಲ್ಲಿ ಸುಳ್ಳು ಜಾಹೀರಾತು ಅದೊಂದೇ. ಸರಕು ನಾನು.

ಇವತ್ತು ಒಂದು ಕಾರ್ಡಿಗೆ ಮೊಳೆ ಜೋಡಿಸಿದೆ. ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು, ಸುತ್ತ ಕಪ್ಪು ಗೆರೆ. ಕೆಳಗೆ ಸಣ್ಣದಾಗಿ, 'ನಾನು ಎಚ್ಚರಿಸಿರಲಿಲ್ಲ ಸಾಹೇಬರೇ. ಗೊತ್ತಿದ್ದೂ ಸುಮ್ಮನಿದ್ದೆ.' ಕುಂಕುಮ ಹಚ್ಚದೆ ಟಪಾಲು ಪೆಟ್ಟಿಗೆಗೆ ಹಾಕಿ ಬಂದಿದ್ದೇನೆ. ಅವರೂ ಈಗ ನಮ್ಮ ಕಡೆಯವರೇ ಅಲ್ಲವೇ, ಮುಂದೆ ಓದದೆ ಓಡಿ ಬರುತ್ತಾರೆ.