ಇನ್ನೂ ಯೋಚಿಸುತ್ತಿರುವ ಮತದಾರ

ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಬಂದಾಗಲೆಲ್ಲ ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಆರ್ಮಂಡ್ ಥಿಬೊಡೊ ಅವರದು ಒಂದೇ ನಿಯಮ: ಮೂರು ಸಲ ಕೈಕುಲುಕದವರಿಗೆ ಮತವಿಲ್ಲ. ಎಲ್ಲ ಅಭ್ಯರ್ಥಿಗಳ ಸಭೆಗೂ ಹೋಗುತ್ತಾರೆ, ಎಲ್ಲರನ್ನೂ ತಮ್ಮ ಬೀದಿಯ ಹಿಮದ ಬಗ್ಗೆಯೇ ಕೇಳುತ್ತಾರೆ. ಈ ಸಲ ಕಣದಲ್ಲಿರುವ ಸೆನೆಟರಮ್ಮ ಪಕ್ಕದ ಮನೆಯ ಮೆರಿಲ್‌ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದದ್ದು ಮಾತ್ರ ಅವರಿಗೆ ಜೀರ್ಣವಾಗಿಲ್ಲ. "ನಿನ್ನ ಕಲಗಚ್ಚು ಕುಡಿದೂ ಗೆಲ್ಲೋ ಆಸೆಯೇನೋ ಆಯಮ್ಮಂಗೆ?" ಎಂದು ಬೇಲಿಯಾಚೆ ಕೂಗಿದರೆ, "ಹೊಟ್ಟೆಕಿಚ್ಚು ಬಿಡೋ ಮುದಿಯಾ!" ಎಂದು ಮೆರಿಲ್ ನಗುತ್ತಾನೆ. ನಿಜಕ್ಕೂ ಆರ್ಮಂಡರ ಮತ ಬೇಸಿಗೆಯಲ್ಲೇ ಸೆನೆಟರಮ್ಮನಿಗೆಂದು ನಿಶ್ಚಯವಾಗಿತ್ತು. ಆದರೆ ಮೆರಿಲ್ ತನ್ನ ಅಂಗಳದಲ್ಲಿ ಆಕೆಯ ಪ್ರಚಾರ ಫಲಕ ನೆಟ್ಟ ಮರುದಿನದಿಂದ ಅವನ ಬಾಗಿಲನ್ನು ಪ್ರಚಾರದವರು ಯಾರೂ ತಟ್ಟಿಲ್ಲವೆಂಬುದನ್ನು ಅವರು ಕಿಟಕಿಯಿಂದ ಗಮನಿಸಿದ್ದಾರೆ. ಹಾಗಾಗಿ ಆಕೆಯ ಪ್ರಚಾರದ ಹುಡುಗಿ ಮತ ಕೇಳಲು ಬಂದಾಗ, ಸೆನೆಟರಮ್ಮನಿಗೆಂದೇ ತಂದಿಟ್ಟ ಹೊಸ ಕಪ್ಪಿಗೆ ಕಾಫಿ ಬಗ್ಗಿಸುತ್ತ ಹೇಳುತ್ತಾರೆ: "ಇನ್ನೂ ಯೋಚಿಸ್ತಿದೀನಮ್ಮ. ನಾಳೆ ಮತ್ತೊಂದ್ಸಲ ಬಂದು ಕೇಳು."