ಮಾವನ ತುಪಾಕಿಗೆ ಪೊರಕೆಕಡ್ಡಿಯ ಅಳತೆ

ನಮ್ಮ ಮಾವನವರ ತುಪಾಕಿಗೆ ದುರ್ಬೀನು ಆರಿಸಿದವಳು ನಾನು. ಹೇಳುವಾಗ ಜಂಬ ಬರುತ್ತದೆ, ಬರಲಿ. ಜಂಬಪಡುವಂಥ ಕೆಲಸವನ್ನು ಮಾಡಿ ಸುಮ್ಮನೆ ಕೂರುವ ಜಾತಿಯಲ್ಲ ನಾನು.

ನಾನು ಸೊಸೆಯಾಗಿ ಬಂದದ್ದು ಮುಳಬಾಗಿಲು ತಾಲೂಕಿನ, ಬೈರಕೂರಿನ ಹತ್ತಿರದ ಒಂದು ಊರಿಗೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾವ ಮಿಲಿಟರಿಯಲ್ಲಿದ್ದು ಬಂದವರು. ಬೆಳೆ ಕಾಯಲು ಲೈಸೆನ್ಸ್ ಇದ್ದ ಒಂದು ರೈಫಲ್ಲು ಅವರ ಹತ್ತಿರವಿತ್ತು. ಊರಲ್ಲಿ ಎಲ್ಲರೂ ಅದನ್ನು ತುಪಾಕಿ ಎಂದೇ ಕರೆಯುತ್ತಿದ್ದರು. ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಜನ ಓಡಿಬರುತ್ತಿದ್ದುದು ನಮ್ಮ ಬಾಗಿಲಿಗೇ. ಕರೆ ಬಂದ ಕೂಡಲೇ ಅರವತ್ತು ದಾಟಿದ ಮನುಷ್ಯ ಇಪ್ಪತ್ತರವರ ಹಾಗೆ ಎದ್ದು ಹೊರಡುತ್ತಿದ್ದರು.

ಆದರೆ ಕಣ್ಣು ಕೈಕೊಡುತ್ತಿತ್ತು. ಗುರಿ ಹಿಡಿಯಲು ತುಪಾಕಿಯ ಹಿಂದಿನ ಸೀಳು, ನಳಿಗೆಯ ತುದಿಯ ಕಡ್ಡಿ, ಆಚೆಗಿನ ಹಂದಿ, ಮೂರೂ ಒಂದೇ ಗೆರೆಯಲ್ಲಿ ಕಾಣಬೇಕು. ಅವರಿಗೆ ಹಂದಿ ಕಂಡರೆ ಕಡ್ಡಿ ಮಸುಕು, ಕಡ್ಡಿ ಕಂಡರೆ ಹಂದಿ ಮಸುಕು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಬೆಳಗ್ಗೆ ಹಾರಿಸಿದ ಗುಂಡು ಪಕ್ಕದ ಹೊಲದವರ ಪಂಪ್‌ಹೌಸಿನ ಹೆಂಚು ಒಡೆಯಿತು. ಹೊಲದ ಯಜಮಾನ ಒಳಗೇ ಇದ್ದ. ಒಡೆದ ಹೆಂಚನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಸುರಿದ.

"ನೋಡಪ್ಪಾ, ಇದು ನನ್ ತಲೆ ಆಗ್ಬೇಕಾಗಿತ್ತು," ಎಂದ.

ಮಾವ ಅವತ್ತು ಮುದ್ದೆ ಮುಟ್ಟಲಿಲ್ಲ. ಸಂಜೆ ನನ್ನ ಗಂಡನನ್ನು ಕರೆದು, "ಈ ಸಲ ಲೈಸೆನ್ಸ್ ಮುಗೀಲಿ, ತುಪಾಕಿ ಸ್ಟೇಷನ್ನಿಗೆ ಒಪ್ಪಿಸ್ಬಿಡ್ತೀನಿ," ಎಂದರು. ಲೈಸೆನ್ಸ್ ಮುಗಿಯಲು ಎರಡು ತಿಂಗಳಿತ್ತು. ಮಗನ ಮುಖ ನೋಡದೆ, ಗೋಡೆ ನೋಡಿಕೊಂಡು ಆ ಮಾತಾಡಿದರು. ಅಡುಗೆಮನೆಯಲ್ಲಿದ್ದ ನನಗೆ ಎಲ್ಲ ಕೇಳಿಸಿತು. ತುಪಾಕಿ ಹೋದರೆ ಇವರು ಜಗಲಿಯ ಮೂಲೆ ಹಿಡಿದು ಕೂರುತ್ತಾರೆ ಎಂದು ಖಾತ್ರಿಯಾಗಿ ಅನ್ನಿಸಿತು.

ಅಪ್ಪನ ಕಣ್ಣಿನ ತೊಂದರೆ ಊಹಿಸಿದ ನನ್ನ ಗಂಡ ಮಾಲೂರಿನ ಸ್ನೇಹಿತರೊಬ್ಬರಿಂದ ಒಂದು ದುರ್ಬೀನು ಎರವಲು ತಂದರು. ಅದರಲ್ಲಿ ಗುರಿಯ ಗೆರೆಯೂ ಹಂದಿಯೂ ಒಟ್ಟಿಗೇ ನಿಚ್ಚಳವಾಗಿ ಕಾಣುತ್ತವಂತೆ. ಆರು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಅದರ ಮೇಲೆ ಅವರಿಗೆ ಬಲು ಮೋಹ. ತುಪಾಕಿಯ ಬೆನ್ನ ಮೇಲೆ ಕೂರಿಸಿದ್ದೂ ಆಯಿತು. ಗುಂಡಿನ ತೋಟಾ ತುಂಬುವುದು ಮೇಲಿನಿಂದ, ದುರ್ಬೀನು ಆ ದಾರಿಗೇ ಅಡ್ಡ. ಅದರಲ್ಲಿ ಏನಾದರೂ ಕಾಣಬೇಕಾದರೆ ಕಣ್ಣನ್ನು ನಾಲ್ಕು ಬೆರಳಿನಷ್ಟು ಹತ್ತಿರ ತರಬೇಕು. ಮಾವ ಕನ್ನಡಕ ಹಾಕಿಕೊಂಡೇ ಬಗ್ಗಿ ಹಾರಿಸಿದರು. ತುಪಾಕಿ ಹಿಂದಕ್ಕೆ ಒದ್ದಿತು, ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ರಕ್ತ ಬಂತು. ಅತ್ತೆ ಗಾಯಕ್ಕೆ ಕಾಫಿಪುಡಿ ಒತ್ತಿ, ಗಂಡನಿಗೂ ಮಗನಿಗೂ ಸೇರಿಸಿ ಬೈದರು.

ನನ್ನ ಗಂಡ ಅದನ್ನೇ ಮುಂದಕ್ಕೆ, ನಳಿಗೆಯ ಮೇಲೆ ಕಟ್ಟಿ ನೋಡಿದರು. ಸುತ್ತ ಕಪ್ಪು, ನಡುವೆ ಅಕ್ಕಿಕಾಳಿನಷ್ಟು ಬೆಳಕು. "ಇದು ಕೆಟ್ಟೋಗಿದೆ," ಎಂದು ತೀರ್ಪು ಕೊಟ್ಟರು.

"ಕೆಟ್ಟಿಲ್ಲ ಕಣ್ರೀ. ಅದು ಹೇಳೋ ಜಾಗದಲ್ಲಿ ನಿಮ್ಮ ಕಣ್ಣಿಲ್ಲ, ಅಷ್ಟೆ," ಎಂದೆ.

ಮದುವೆಗೆ ಮುಂಚೆ ನಾನು ಹುತ್ತೂರಿನ ಕಡೆ ರೇಷ್ಮೆಹುಳದ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯೊಂದರಲ್ಲಿ ಕೆಲಸಕ್ಕಿದ್ದೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಗಂಟುರೋಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ. ದಿನಕ್ಕೆ ನೂರಾರು ಗಾಜಿನ ಪಟ್ಟಿ. ಕಣ್ಣು ಒಂದಿಷ್ಟು ಹಿಂದೆ ಮುಂದೆ ಆದರೆ ಬೆಳಕು ಕಿರಿದಾಗಿ ಕಪ್ಪು ಕವಿಯುತ್ತದೆ. ಕಣ್ಣಿಡುವ ಗಾಜಿನ ಹಿಂದೆ ಬಿಳಿ ಕಾಗದ ಹಿಡಿದು ಸರಿಸಿದರೆ ಬೆಳಕಿನ ಬಿಲ್ಲೆ ಎಲ್ಲಿ ಅತಿ ಸಣ್ಣಗೆ, ಚೊಕ್ಕವಾಗಿ ನಿಲ್ಲುತ್ತದೋ ಅಲ್ಲಿರಬೇಕು ಕಣ್ಣು. ದೊಡ್ಡದಾಗಿ ತೋರಿಸಿದಷ್ಟೂ ಗಾಜು ಹಟಮಾರಿ, ಕಣ್ಣು ಹತ್ತಿರವೇ ಬರಬೇಕು ಎನ್ನುತ್ತದೆ ಎಂಬುದೂ ನನಗೆ ಗೊತ್ತಿತ್ತು. ನಮಗೆ ಬೇಕಾದದ್ದು ಕಡಿಮೆ ತೋರಿಸುವ, ಆದರೆ ಕಣ್ಣು ದೂರವಿದ್ದರೂ ಒಪ್ಪುವ ದುರ್ಬೀನು. ಅದನ್ನು ಮುಂದೆ ಕೂರಿಸಿದರೆ ತೋಟಾಕ್ಕೂ ದಾರಿ, ಹುಬ್ಬಿಗೂ ಕ್ಷೇಮ.

ಎಷ್ಟು ದೂರ? ನಮ್ಮ ಕಡೆ ಮನೆಯಲ್ಲಿ ಉಳಿದವರಿಗೆ ಪೇಟೆಯಿಂದ ಚಪ್ಪಲಿ ತರಬೇಕಾದರೆ ಪೊರಕೆಕಡ್ಡಿಯನ್ನು ಪಾದದಳತೆಗೆ ಮುರಿದು ಒಯ್ಯುತ್ತಾರೆ. ಕಣ್ಣಿಗೂ ಹಾಗೇ ಮಾಡೋಣ ಎಂದೆ. ಮಾವನ ಎದುರು ಸೊಸೆ ನಿಲ್ಲದ ಕಾಲ ಅದು. ನಾನು ಬಾಗಿಲ ಮರೆಯಲ್ಲಿ, ನನ್ನ ಗಂಡ ಕಡ್ಡಿ ಹಿಡಿದು ಅಂಗಳದಲ್ಲಿ. ಅಳತೆ ಅಂದ ಕೂಡಲೇ ಮಾವ ಕವಾಯತಿಗೆ ನಿಂತಂತೆ ಎದೆ ಸೆಟೆದು, ಕತ್ತು ಹಿಂದಕ್ಕೆಳೆದು ನಿಂತರು. ಆ ಭಂಗಿಯಲ್ಲಿ ಯಾವ ಹಂದಿಗೆ ಗುರಿಯಿಡುತ್ತಾರೆ? ನನ್ನ ಗಂಡ ಅದನ್ನೇ ಅಳೆದು ಕಡ್ಡಿ ಮುರಿದರು.

ನನಗೆ ರೇಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದೆ. ಅತ್ತೆ ಹಿಂದಿನಿಂದ, "ಸಿಗ್ಗು ಲೇದಾ ನೀಕು?" ಎಂದು ತೆಲುಗಿನಲ್ಲಿ ಗದರಿದರು. ನಾಚಿಕೆ ಪಡುತ್ತ ಕೂತರೆ ತುಪಾಕಿ ಸ್ಟೇಷನ್ ಸೇರುತ್ತಿತ್ತು.

"ಮಾವಾ, ಕಣ್ ಮುಚ್ಕೊಳ್ಳಿ. ಹೊಲ್ದಲ್ಲಿ ಹಂದಿ ಬಂದಿದೆ ಅಂತ ತಿಳ್ಕೊಂಡು ತುಪಾಕಿ ಹೆಗಲಿಗೆ ತಗೊಳ್ಳಿ," ಎಂದೆ.

ಅವರು ಒಂದು ಗಳಿಗೆ ತಡೆದರು. ಆಮೇಲೆ ಕಣ್ಣು ಮುಚ್ಚಿ ತುಪಾಕಿಯನ್ನು ಹೆಗಲಿಗೇರಿಸಿದರು. ಕೆನ್ನೆ ತುಪಾಕಿಯ ಹಿಡಿಯ ಮರದ ಮೇಲೆ ತಾನಾಗಿ ಕೂತಿತು. ದುರ್ಬೀನು ಕೂರಿಸಬೇಕೆಂದಿದ್ದದ್ದು ನಳಿಗೆಯ ಮೇಲಿನ ಹಿಂದಿನ ಸೀಳಿನ ಜಾಗದಲ್ಲಿ, ಕನ್ನಡಕದ ಗಾಜಿನಿಂದ ಅಲ್ಲಿಯವರೆಗೆ ನಾನೇ ಕಡ್ಡಿ ಹಿಡಿದೆ. ಮೂರು ಸಲ ಇಳಿಸಿ ಏರಿಸಿ ಮಾಡಿಸಿದೆ, ಮೂರು ಸಲವೂ ಒಂದೇ ಅಳತೆ, ಸರಿಯಾಗಿ ಒಂದು ಗೇಣು. ನನ್ನ ಗಂಡ ಮುರಿದ ಕಡ್ಡಿ ಅದಕ್ಕಿಂತ ಮೂರು ಬೆರಳು ಹೆಚ್ಚು ಉದ್ದವಿತ್ತು.

ಬೆಂಗಳೂರಿನ ಬಂದೂಕಿನ ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯ ಸಾಹೇಬರು ಮೂರು ದುರ್ಬೀನುಗಳನ್ನು ನನ್ನ ಗಂಡನ ಮುಂದಿಟ್ಟರು. ನಾನು ಒಂದೊಂದನ್ನೇ ಎತ್ತಿ ಬೀದಿಯ ಬೆಳಕಿಗೆ ಹಿಡಿದು, ಹಿಂದೆ ಬಿಳಿ ಕಾಗದ ಸರಿಸಿದೆ. ಎರಡರಲ್ಲಿ ಬಿಲ್ಲೆ ನಾಲ್ಕು ಬೆರಳಿಗೇ ಚೊಕ್ಕವಾಗಿ ನಿಂತು, ಆಮೇಲೆ ಕದಡಿಹೋಯಿತು. ಮೂರನೆಯದರಲ್ಲಿ ನಾನು ಗೇಣಳತೆಗೆ ಮುರಿದು ತಂದಿದ್ದ ಕಡ್ಡಿಯ ತುದಿಗೆ ಬಂದು ನಿಂತಿತು.

"ಅದು ಪಿಸ್ತೂಲಿಗೆ ಅಂತ ಯಾರೋ ತರಿಸಿದ್ದು. ಎರಡೇ ಪಟ್ಟು ಕಾಣಿಸೋದು, ಯಾರೂ ಕೇಳಲ್ಲ ಅದನ್ನ," ಎಂದರು ಸಾಹೇಬರು.

"ಎರಡೇನಾ?" ಎಂದು ನನ್ನ ಗಂಡನ ಮುಖ ಬಾಡಿತು.

"ಹಂದಿ ಮೈಮೇಲಿನ ಕೂದಲು ಎಣಿಸ್ಬೇಕಾ ನಿಮಗೆ? ಇದೇ ಕೊಡಿ ಸಾಬ್ರೇ," ಎಂದೆ.

ಶ್ರೀನಿವಾಸಪುರದಲ್ಲಿ ಲೇತ್ ಇಟ್ಟುಕೊಂಡಿದ್ದ ಮೇಸ್ತ್ರಿಯೊಬ್ಬರು ಹಿಂದಿನ ಸೀಳನ್ನು ಬಿಚ್ಚಿ, ಅದೇ ಜಾಗದಲ್ಲಿ ದುರ್ಬೀನು ಕೂರಲು ಕಬ್ಬಿಣದ ತೊಟ್ಟಿಲು ಮಾಡಿಕೊಟ್ಟರು. ಪರೀಕ್ಷೆ ನಮ್ಮೂರ ಒಣಗಿದ ಕೆರೆಯಂಗಳದಲ್ಲಿ. ಏರಿಗೆ ಒರಗಿಸಿ ಹಳೆಯ ಚಂದ್ರಿಕೆಯೊಂದನ್ನು ನಿಲ್ಲಿಸಿದೆವು. ಚಂದ್ರಿಕೆ ಅಂದರೆ ರೇಷ್ಮೆಹುಳ ಗೂಡು ಕಟ್ಟುವ ಬಿದಿರ ತಟ್ಟೆ. ಅದರ ನಡುವೆ ಬಿಳಿ ಕಾಗದ. ಹೆಂಚು ಒಡೆಸಿಕೊಂಡವನನ್ನು ಮಾವ ತಾವೇ ಹೇಳಿ ಕರೆಸಿದ್ದರು. "ಇವನು ಒಪ್ಪಿದ್ರೆ ತುಪಾಕಿ ಇಟ್ಕೊತೀನಿ, ಇಲ್ದಿದ್ರೆ ನಾಳೆಯೇ ಒಪ್ಪಿಸ್ತೀನಿ," ಎಂದು ಎಲ್ಲರ ಮುಂದೆ ಹೇಳಿಬಿಟ್ಟರು.

ಮೊದಲ ಗುಂಡು ಕಾಗದದ ಎಡಕ್ಕೆ ಬಿತ್ತು. ಅವನು ನಕ್ಕ.

"ಮೊದಲ್ನೇದು ತಿದ್ದೋಕೆ ಇರೋದಣ್ಣಾ, ಸ್ವಲ್ಪ ತಡ್ಕೋ," ಎಂದೆ. ಬಾಯಿಗೆ ಬಂದದ್ದು ಬೇರೆ ಮಾತು, ಅದನ್ನು ನುಂಗಿಕೊಂಡೆ.

ಮಾವ ದುರ್ಬೀನಿನ ತಿರುಪು ತಿದ್ದಿದರು. ಆಮೇಲೆ ಮೂರು ಗುಂಡು, ಒಂದರ ಹಿಂದೊಂದು. ಅವನೇ ಹೋಗಿ ಚಂದ್ರಿಕೆ ಎತ್ತಿಕೊಂಡು ಬಂದ. ಮೂರು ತೂತೂ ಒಂದು ಮುದ್ದೆಯಗಲದೊಳಗೆ ಇದ್ದವು. ಒಂದೊಂದರಲ್ಲೂ ಬೆರಳಿಟ್ಟು ನೋಡಿ, "ನಾಳೆಯಿಂದ ನಮ್ ಹೊಲಕ್ಕೂ ಬಾಪ್ಪಾ," ಎಂದ. ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು.

ಲೈಸೆನ್ಸ್ ಹೊಸದು ಮಾಡಿಸಲು ಕೋಲಾರಕ್ಕೆ ಹೊರಟಾಗ ನನ್ನನ್ನೂ ಹೊರಡಿಸಿದರು. ಯಾಕೆಂದು ಹೇಳಲಿಲ್ಲ. ಕಚೇರಿಯ ಕ್ಲರ್ಕು ಕಾಗದ ಬರೆಯುತ್ತ, "ನಿಮ್ಗೂ ವಯಸ್ಸಾಯ್ತು. ತುಪಾಕಿ ಬಳಸೋಕೆ ಮನೇಲಿ ಇನ್ನೊಬ್ರ ಹೆಸರೂ ಸೇರಿಸ್ಬಹುದು. ಮಗನ ಹೆಸರು ಹೇಳಿ," ಎಂದರು.

"ಮಗಂದಲ್ಲ ಸ್ವಾಮಿ, ಸೊಸೇದು," ಎಂದರು ಮಾವ.

ಕ್ಲರ್ಕು ತಲೆಯೆತ್ತಿದರು. "ಹೆಂಗಸ್ರದಾ? ಅವ್ರಿಗೆ ತುಪಾಕಿ ವಿಷಯ ಏನ್ ಗೊತ್ತು?"

"ನನಗಿಂತ ಜಾಸ್ತಿ ಗೊತ್ತು, ಬರ್ಕೊಳ್ಳಿ," ಎಂದರು.

ಕ್ಲರ್ಕು ನನ್ನ ಕಡೆ ತಿರುಗಿ ಹೆಸರು ಕೇಳಿದರು. ಇಡೀ ಕಚೇರಿಗೆ ಕೇಳಿಸುವ ಹಾಗೆ ಹೇಳಿದೆ.